ಮೆಲ್ಲಗೆ ಹೋಗಬೇಕಾದ ಗಾಡಿ

ಜುಲೈ ೯, ಗುರುವಾರ. ರಾತ್ರಿಯಾದರೂ ಸೂರ್ಯ ಗುಡ್ಡದ ಮೇಲೆಯೇ ಇದ್ದಾನೆ, ಈ ಉತ್ತರದ ತುದಿಯಲ್ಲಿ ಬೇಸಿಗೆಯಿಡೀ ಮುಳುಗುವುದಿಲ್ಲ.

ನಾಲ್ಕು ಚಕ್ರದ ಬೈಕು ಇಂದೂ ಸತಾಯಿಸಿತು. ಹೊಸ ಪಿಸ್ಟನ್, ಹೊಸ ಗ್ಯಾಸ್ಕೆಟ್ ಹಾಕಿ ಎಂಜಿನ್ ಜೋಡಿಸಿದ್ದಾಗಿದೆ. ಸ್ಟಾರ್ಟ್ ಆಗುತ್ತದೆ, ವೇಗ ಏರಿಸಿದರೆ ಉಸಿರು ಕಟ್ಟಿ ನಿಲ್ಲುತ್ತದೆ. ನನ್ನ ಗಂಡ ಆಂದೆ ಪ್ಲಗ್ ಬದಲಿಸಿದ, ಕಾರ್ಬ್ಯುರೇಟರ್ ತೊಳೆದ, ವಾಲ್ವ್‌ಗಳ ಸಂದನ್ನು ಮತ್ತೆ ಅಳೆದ. ಗುಡ್ಡದಾಚೆಯ ಬೇಲಿಯೊಳಗೆ ಊರವರೆಲ್ಲರ ಹಿಮಸಾರಂಗಗಳನ್ನು ಕೂಡಿಹಾಕಿದ್ದಾರೆ, ಬೆಳಿಗ್ಗೆ ಬಿಟ್ಟುಬಿಡುತ್ತಾರೆ. ಅಷ್ಟರೊಳಗೆ ನಮ್ಮ ಕರುಗಳ ಕಿವಿಗೆ ಗುರುತು ಕೊಯ್ಯದಿದ್ದರೆ, ಅವು ತಾಯಿಯನ್ನು ಅಗಲಿದ ಮೇಲೆ ಯಾವುದು ಯಾರದೆಂದು ಹೇಳಲಾಗುವುದಿಲ್ಲ.

ಊಟಕ್ಕೆ ಕೂತಾಗ ಅತ್ತೆ ಮೀನಿನ ಮುಳ್ಳು ಬಿಡಿಸುತ್ತ ಕೇಳಿದರು: "ಸೀಟಿನಡಿ ಗಾಳಿ ಕೊಳವೆಗೆ ಹುಲ್ಲು ತುರುಕಿದ್ದೆ. ತೆಗೆದ್ಯೇನೋ?"

"ಯಾವ ಹುಲ್ಲಮ್ಮ?"

"ಕಾಲು ಬೆಚ್ಚಗಿರ್ಲಿ ಅಂತ ಬೂಟಿಗೆ ತುಂಬ್ತೀವಲ್ಲ, ಅದೇ. ಗಾಡಿ ಬಿಚ್ಚಿ ಹೊರಗಿಟ್ಟಿದ್ದಿ, ಸೊಳ್ಳೆ ಹೋಗದಿರ್ಲಿ ಅಂತ."

"ಹೇಳೋದಲ್ವಾ?"

"ಮೆಕ್ಯಾನಿಕ್ ನೀನು. ನಾನೇನು ಹೇಳ್ಲಿ?"

ಆಂದೆ ಅರ್ಧ ಊಟ ಬಿಟ್ಟು ಎದ್ದ. ಕೊಳವೆಯಿಂದ ಹಿಡಿ ತುಂಬ ಒಣಹುಲ್ಲು ಬಂತು, ಅತ್ತೆಯೇ ಕೊಯ್ದು ಬಡಿದು ಮೆತ್ತಗೆ ಮಾಡಿದ್ದು. ಎಂಜಿನ್ ಸಲೀಸಾಗಿ ಓಡಿತು. ನಗು ಬರಬೇಕಿತ್ತು, ಅವನಿಗೂ ನನಗೂ ಬರಲಿಲ್ಲ.

ಅವನು ಒಬ್ಬನೇ ಹೊರಟ. ಹೊಸ ಪಿಸ್ಟನ್ ಪಳಗುವ ತನಕ ಇಬ್ಬರ ಭಾರ ಹಾಕುವಂತಿಲ್ಲ, ಜೋರಾಗಿ ಓಡಿಸುವಂತೆಯೂ ಇಲ್ಲ. ಇಷ್ಟು ಹೊತ್ತಿಗೆ ಗುಡ್ಡ ದಾಟಿರಬೇಕಿತ್ತು. ಗಾಡಿಯ ಶಬ್ದ ಇನ್ನೂ ಗುಡ್ಡದ ಈ ಕಡೆಯಿಂದಲೇ ಕೇಳುತ್ತಿದೆ, ಒಂದೇ ಸಮನೆ, ನಿಧಾನವಾಗಿ. ಬೇಲಿ ತೆರೆಯುವವರು ಬೆಳಿಗ್ಗೆ ಕೊಂಚ ತಡವಾಗಿ ಎದ್ದರೆ ಅಷ್ಟರೊಳಗೆ ಅವನು ಮುಟ್ಟಿಯಾನು.