ನಿನ್ನಮ್ಮನ ಫೋಟೊ

ದೇಶ ಬಿಟ್ಟ ಮಹಾಶಯ ಬೆಗೆಂಚ್‌ಗೆ,

ಈ ಪತ್ರ ಕಳಿಸಿದರೆ ನಿನಗಿಂತ ಮೊದಲು ಬೇರೆ ಯಾರೋ ಓದುತ್ತಾರೆ, ಆದ್ದರಿಂದ ಕಳಿಸುವುದಿಲ್ಲ.

ನಮ್ಮ ರಾಜಧಾನಿ ಅಶ್ಗಾಬಾತ್‌ನ ಘನ ಮಾರ್ಗದರ್ಶಿಯಾದ ನಾನು ಇಂದು ಕ್ಯಾಮೆರಾ ಹಿಡಿದ ಒಬ್ಬ ವಿದೇಶಿಯನ್ನು ಅಮೃತಶಿಲೆಯ ಸ್ಮಾರಕಗಳಿಂದ ತಪ್ಪಿಸಿ ಸಂತೆಗೆ ಕರೆದೊಯ್ದೆ. ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ನಿನ್ನಮ್ಮ, ರೊಟ್ಟಿ ಬುಟ್ಟಿಯ ಹಿಂದೆ ನಿಂತು, ಬಾಯಿ ಮರೆಯಾಗುವಂತೆ ಹಲ್ಲಲ್ಲಿ ಕಚ್ಚಿದ್ದ ತಲೆವಸ್ತ್ರದ ಅಂಚನ್ನು ಬಿಟ್ಟಳು.

"ತೆಗಿಯಪ್ಪಾ. ಹೊರಗೆ ಎಲ್ಲಾದ್ರೂ ನನ್ ಮಗ ನೋಡ್ಲಿ."

ಸಂತೆಯ ಬಾಗಿಲಲ್ಲಿ ಪೇದೆಯೊಬ್ಬ ತಡೆದ. "ಏಯ್ ಗೈಡು, ಮುಖ ಇರೋದೆಲ್ಲ ಅಳಿಸೋ!"

ಸಕಲ ಗಾಂಭೀರ್ಯದಿಂದ, ವಿದೇಶಿಯ ಕ್ಯಾಮೆರಾದಲ್ಲಿದ್ದ ನಿನ್ನಮ್ಮನನ್ನೂ ನನ್ನ ಬೆರಳಿನಿಂದಲೇ ಅಳಿಸಿದೆ.

ಆಮೇಲೆ ರೊಟ್ಟಿಯ ನೆಪದಲ್ಲಿ ನಿನ್ನಮ್ಮನ ಬಳಿಗೆ ಹೋದೆ.

"ಚೆನ್ನಾಗ್ ಬಂತೇನೋ, ತರಲೆ?"

"ಎಲ್ಲಿ ಚಿಕ್ಕಮ್ಮ, ನೀನು ಕಣ್ಣು ಮುಚ್ಚಿಬಿಟ್ಟಿದ್ದೆ!" ನಾನೊಬ್ಬನೇ ನಕ್ಕೆ.

"ಹಂಗಾದ್ರೆ ಇನ್ನೊಬ್ಬನ್ನ ಕರ್ಕೊಂಡ್ ಬಾ," ಎಂದಳು. "ಈ ಸಲ ರೆಪ್ಪೆ ಹೊಡಿಯಲ್ಲ."