ನೀಲಿ ಬೆನ್ನಿನ ಸವತಿ

ಮಾಯೆಬೂರ್,
ಫೆಬ್ರವರಿ ೯

ಗಾಯ್ತಾನ್‌ಗೆ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ. ಆಮೇಲೆ ಹೊಟ್ಟೆ ಉರಿದು ಹೊಡೆದುಹಾಕಿದೆ. ಮಸಿಯಡಿ ಕಾಣಿಸಿದರೆ ಕಾಣಿಸಲಿ.

ನಿನ್ನ ತಮ್ಮ ನಿನ್ನೆ, ನಾನು ಮುನಿಸಿಕೊಂಡು ಬಂದು ಕೂತಿರುವ ನನ್ನಕ್ಕನ ಮನೆಗೆ ಬಂದು, "ಅತ್ತಿಗೆ, ಮನೇಲಿ ಅಡುಗೆ ಮಾಡೋರಿಲ್ಲ, ಬರಬೇಕಂತೆ" ಎಂದು ನಿನ್ನ ಮಾತು ಒಪ್ಪಿಸಿ, ಎರಡು ತಟ್ಟೆ ಊಟ ಹೊಡೆದು ಹೋದ. ನಾಚಿಕೆ ಇದೆಯಾ ನಿನಗೆ? ಹೆಂಡತಿಯನ್ನು ಕರೆಯುವ ರೀತಿಯೇ ಇದು? ಮಾತು ಬಾರದ ಗಂಡ ಎಂದುಕೊಂಡು ಇಷ್ಟು ವರ್ಷ ಸುಮ್ಮನಿದ್ದೆ. ನಿನಗೆ ಎಷ್ಟು ಚೆನ್ನಾಗಿ ಮಾತು ಬರುತ್ತದೆ ಎಂಬುದನ್ನು ಆ ಮಂಗಳವಾರ ಇಡೀ ರಿವಿಯೇರ್ ನ್ವಾರ್ ಬಂದರೇ ಕೇಳಿತಲ್ಲ!

ಗಿರಾಕಿಯನ್ನು ಮಾರ್ಲಿನ್ ಮೀನು ಹಿಡಿಯಲು ಕರೆದುಕೊಂಡು ಹೋದವನು, ದೋಣಿಯ ರೇಡಿಯೋದಲ್ಲಿ ದಡಕ್ಕೆ ಮಾತು ಕಳಿಸುವ ಗುಂಡಿಯ ಮೇಲೆಯೇ ಕುಂಡಿ ಊರಿ ಕುಳಿತಿದ್ದೀಯ, ಪುಣ್ಯಾತ್ಮ. ನಾನು ದೋಣಿಗಳಿಗೆ ಡೀಸೆಲ್ ತುಂಬುವ ಕಟ್ಟೆಯ ಹತ್ತಿರ ಹೆಂಗಸರ ಜೊತೆ ಮೆಣಸಿನಕಾಯಿ ವಡೆ ತಿನ್ನುತ್ತಾ ನಿಂತಿದ್ದೆ. ಅಲ್ಲಿನ ರೇಡಿಯೋದಲ್ಲಿ ನಿನ್ನ ದನಿ: "ಬಾ ನನ್ನ ರಾಣಿ... ನಿಧಾನ, ಅವಸರ ಏನಿಲ್ಲ. ಸುಸ್ತಾಯ್ತಾ ಚಿನ್ನ? ಕೋಪ ಮಾಡ್ಕೋಬೇಡ. ನಿನ್ನಂಥ ಚೆಲುವೇನ ಈ ಜನ್ಮದಲ್ಲೇ ನೋಡಿಲ್ಲ ಕಣೇ!" ಹೆಂಗಸರೆಲ್ಲ ನನ್ನ ಮುಖ ನೋಡಿದರು. ಕೈಲಿದ್ದ ವಡೆಯನ್ನು ನೀರಿಗೆ ಎಸೆದೆ.

ಗಿರಾಕಿ ಯಾವಳೋ ಬಿಳಿ ಚೆಲುವೆ ಎಂದುಕೊಂಡು, ಅವಳ ಜುಟ್ಟು ಹಿಡಿಯಲು ಸಿದ್ಧಳಾಗಿ ಕಟ್ಟೆಯ ತುದಿಯಲ್ಲಿ ಕಾದೆ. ದೋಣಿಯಿಂದ ಇಳಿದವನು ಬೋಳುತಲೆಯ ಬೆಲ್ಜಿಯಂ ಮುದುಕ. ಹಿಡಿಯಲು ಜುಟ್ಟೇ ಇಲ್ಲ! ಹಾಗಾದರೆ ಆ ರಾಣಿ ಯಾರು ಎಂದು ಕೇಳಿದ್ದಕ್ಕೆ, ನಿನ್ನ ಜೊತೆಗಾರ ಸಿಲ್ವೆರ್ ಬಿದ್ದು ಬಿದ್ದು ನಕ್ಕ. "ಮೀನು ಅತ್ತಿಗೆ, ಮೀನು! ಗಾಳಕ್ಕೆ ಸಿಕ್ಕಿ ಒದ್ದಾಡ್ತಿತ್ತಲ್ಲ, ಅದನ್ನ ರಮಿಸ್ತಿದ್ರು. ಆಮೇಲೆ ಬೆನ್ನು ಸವರಿ ನೀರಿಗೆ ಬಿಟ್ರು."

ನನ್ನ ಜೊತೆ ವಡೆ ತಿನ್ನುತ್ತಿದ್ದ ಮುದುಕಿ ಆಲ್ಫೋನ್ಸೀನ್, "ಅಯ್ಯೋ ಹುಚ್ಚಿ, ಮೀನಿನ ಮೇಲೆ ಹೊಟ್ಟೆಕಿಚ್ಚಾ?" ಎಂದಳು. ಹೌದು, ಹೊಟ್ಟೆಕಿಚ್ಚೇ. ದೊಡ್ಡ ಮಾರ್ಲಿನ್‌ಗಳೆಲ್ಲ ಹೆಣ್ಣೇ ಎಂದು ನೀನೇ ಹೇಳಿದ್ದೆ, ಅಂದಮೇಲೆ ಸವತಿಯೇ. ಅಷ್ಟು ಸಿಹಿ ಮಾತು ನಿನ್ನೊಳಗೆ ಇತ್ತು, ಮೂತಿಗೆ ಈಟಿ ಕಟ್ಟಿಕೊಂಡ ಆ ನೀಲಿ ಬೆನ್ನಿನವಳ ಪಾಲಾಯಿತು. ನನ್ನ ಪಾಲಿಗೆ "ಟವೆಲ್ ಎಲ್ಲಿ?", "ಉಪ್ಪು ಕಮ್ಮಿ." ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಜ್ವರ ಬಂದು ಮಲಗಿದ್ದಾಗಲಾದರೂ ನನ್ನ ಬೆನ್ನು ಸವರಿದ್ದೀಯಾ?

ಇಲ್ಲಿ ಅಕ್ಕನ ಹೊಲಿಗೆ ಅಂಗಡಿಯಲ್ಲಿ ನನಗೆ ಕೆಲಸವಿದೆ, ಮಲಗಲು ಕೋಣೆಯಿದೆ. ಇರುತ್ತೀಯೋ ಹೋಗುತ್ತೀಯೋ ಸೋಮವಾರ ಹೇಳು ಎಂದಿದ್ದಾಳೆ. ನನ್ನ ಹೆಸರು ಹಿಡಿದು ಒಂದೇ ಒಂದು ಒಳ್ಳೆಯ ಮಾತಾಡು, ಬರುತ್ತೇನೆ. ಆಗದಿದ್ದರೆ ನಿನ್ನ ರಾಣಿಯೇ ಬಂದು ಅನ್ನ ಬೇಯಿಸಿ ಹಾಕಲಿ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಜೋಸಿಯಾನ್

ಹೇಳಲು ಮರೆತೆ: ಶನಿವಾರಕ್ಕೆ ನಿನ್ನ ದೋಣಿ ಗೊತ್ತುಮಾಡಿರುವ ಮದಾಂ ಲಾಫ್ಲೆರ್ ಬೇರೆ ಯಾರೂ ಅಲ್ಲ, ನಾನೇ. ಆ ಸುಳ್ಳು ಹೆಸರು ಹೇಳಿ ಅಕ್ಕನ ಕೈಲಿ ಫೋನ್ ಮಾಡಿಸಿದೆ. ನಡುಸಮುದ್ರದಲ್ಲಿ ಇಡೀ ದಿನ ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತೀಯ? ಮೀನು ಸಿಕ್ಕರೆ ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ನನ್ನ ಜೊತೆ ಮಾತಾಡು.