ಕಾವ್ಯಶ್ರೀ ಹಾಡು ನಿಲ್ಲಿಸಿದ ಮೇಲೆ

ಚಿತ್ರದುರ್ಗ
16 ನವೆಂಬರ್ 2025, ಭಾನುವಾರ

ಪ್ರೀತಿಯ ಕಾವ್ಯಾ,

ನೀನು ಊರಿಗೆ ಹೋದ ಮೇಲೆ ಹೇಗಿದ್ದೀಯ ಎಂದು ಕೇಳಲು ನನಗೆ ಇಪ್ಪತ್ಮೂರು ದಿನ ಬೇಕಾಯಿತು, ಮೊದಲು ಅದಕ್ಕೆ ಬೈದುಬಿಡು. ಫೋನ್ ಮಾಡಿದಾಗಲೆಲ್ಲ ನಿಮ್ಮಣ್ಣ ಜುಂಜೇಶ್ ಎತ್ತಿ "ಅವ್ಳು ಮಲಗವ್ಳೆ" ಎನ್ನುತ್ತಿದ್ದ. ಬೆಳಿಗ್ಗೆ ಹತ್ತಕ್ಕೂ ಮಲಗಿರುತ್ತೀಯ, ಸಂಜೆ ಐದಕ್ಕೂ ಮಲಗಿರುತ್ತೀಯ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದ ನನಗೆ ನೀನೆಷ್ಟು ಮಲಗುತ್ತೀಯ ಎಂದು ಗೊತ್ತಿಲ್ಲವೇ! ಈಗಂತೂ ಫೋನೇ ಸ್ವಿಚ್ ಆಫ್. ಅದಕ್ಕೇ ಈ ಕಾಗದ. ಏಳನೇ ಕ್ಲಾಸಿನಲ್ಲಿ ರಜಾ ಅರ್ಜಿ ಬರೆದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು, ತಪ್ಪಿದ್ದರೆ ತಿದ್ದಿಕೊಂಡು ಓದು.

ನಮ್ಮ ಮೈಕ್‌ಸೆಟ್ ಅಜೀಮ್ ನಾಳೆ ಧರ್ಮಪುರಕ್ಕೆ ಒಂದು ಮದುವೆ ಕೆಲಸಕ್ಕೆ ಹೋಗುತ್ತಿದ್ದಾನೆ. ನಿಮ್ಮ ಊರು ಅಲ್ಲಿಂದ ಬೈಕಿನಲ್ಲಿ ಹತ್ತು ನಿಮಿಷವಂತೆ. ಕಾವ್ಯಾಳ ಕೈಗೇ ಕೊಡು, ಬೇರೆ ಯಾರ ಕೈಗೂ ಬೇಡ ಎಂದು ನಾಲ್ಕು ಸಲ ಹೇಳಿದ್ದೇನೆ. ಐದನೇ ಸಲಕ್ಕೆ ಅವನು ಕೈ ಮುಗಿದ.

ಹೋದ ವಾರ ಅವನು ನಿನ್ನನ್ನು ನೋಡಿಕೊಂಡು ಬಂದು ವರದಿ ಒಪ್ಪಿಸಿದ. "ಜಗಲಿ ಮ್ಯಾಲೆ ಶೇಂಗಾ ಬಿಡಿಸ್ತಾ ಕುಂತಿದ್ರು ಅಕ್ಕ. ನನ್ನ ನೋಡಿ ನಕ್ರು. ಮಾತಾಡ್ಲಿಲ್ಲ. ಬಳೆ ಮೊಣಕೈತನಕ ಜಾರ್ತಾವೆ, ಅಷ್ಟು ಸೊರಗವ್ರೆ" ಎಂದ. ನಿಮ್ಮತ್ತಿಗೆ ಲತಾ ಅವನಿಗೆ ಟೀ ಕೊಟ್ಟು, "ಮಾತ್ರೆ ನುಂಗಿದ್ರೆ ಮಂಕಾಗ್ತಾಳೆ ಅಂತ ನಿಲ್ಸಿದೀವಿ. ಪಾವಗಡದ ಕಡೆ ಒಬ್ರು ಅವ್ರೆ, ಹೆಂಡ್ತಿ ತೀರ್ಕಂಡೈತೆ. ಒಂದು ಮದ್ವೆ ಅಂತ ಆದ್ರೆ ಎಲ್ಲಾ ಸರಿಹೋಗ್ತೈತೆ" ಎಂದಳಂತೆ. ಅವಳು ಕೆಟ್ಟವಳಲ್ಲ, ನನಗೆ ಗೊತ್ತು. ಆದರೆ ಅದನ್ನು ಕೇಳಿದ ಮೇಲೆ ನನಗೆ ಎರಡು ದಿನ ಅನ್ನ ಇಳಿಯಲಿಲ್ಲ.

ಇಲ್ಲಿಯ ಸುದ್ದಿಯನ್ನೂ ಹೇಳುತ್ತೇನೆ. ಆರ್ಕೆಸ್ಟ್ರಾ ನಡೆಯುತ್ತಿದೆ. ನಮ್ಮ ಓನರ್ ರಂಗೇಶ್ ನಿನ್ನ ಜಾಗಕ್ಕೆ ಹೊಳಲ್ಕೆರೆಯಿಂದ ಆಶಾರಾಣಿ ಎಂಬವಳನ್ನು ಕರೆತಂದಿದ್ದಾನೆ. ಚೆನ್ನಾಗಿಯೇ ಹಾಡುತ್ತಾಳೆ, ಹೊಟ್ಟೆ ಉರಿದುಕೊಳ್ಳಬೇಡ. ಮೇಲಿನ ಸ್ಥಾಯಿಗೆ ಹೋದಾಗ ಮಾತ್ರ ಯಾರೋ ಕಾಲು ತುಳಿದ ಹಾಗೆ ಕಿರುಚುತ್ತಾಳೆ. ಬ್ಯಾನರಿನಲ್ಲಿ ಇನ್ನೂ ನಿನ್ನ ಫೋಟೋ ಇದೆ. ನಾನು ಈಗಲೂ 'ರಿದಮ್ ಪ್ಯಾಡ್: ಪಲ್ಲವಿ'. ಪಾಲಮ್ಮ ಎಂದು ಅಸಲು ಹೆಸರು ಹಾಕಿದರೆ ಒಂದು ಪ್ರೋಗ್ರಾಮೂ ಬುಕ್ ಆಗಲ್ಲ ಎಂದು ಅವನು ಅವತ್ತು ಹೇಳಿದ್ದು ಇವತ್ತಿಗೂ ನಡೆದುಕೊಂಡು ಬಂದಿದೆ.

ಮೊನ್ನೆ ಹಿರಿಯೂರಿನ ಆರತಕ್ಷತೆಯಲ್ಲಿ ರಂಗೇಶ್ ಮೈಕ್ ಹಿಡಿದು ಮತ್ತೆ ಹಳೇ ವರಸೆ ತೆಗೆದ. "ನಮ್ಮ ಆಶಾರಾಣಿಗೂ ಇನ್ನೂ ಮದ್ವೆ ಆಗಿಲ್ರಪ್ಪ! ಗಂಡು ಯಾರಾನ ಇದ್ರೆ ಸ್ಟೇಜ್ ಹತ್ರ ಬರ್ರಿ!" ನಿನ್ನ ಮೇಲೆ ಹದಿನಾರು ವರ್ಷ, ಒಂದು ಆರತಕ್ಷತೆಯನ್ನೂ ಬಿಡದೆ ಹೇಳಿದ ಮಾತು. ಶಿಳ್ಳೆ ಬೀಳುವ ಮೊದಲೇ ಅವನ ಮೈಕ್ ಸತ್ತುಹೋಯಿತು. ಅಜೀಮ್ ಮಿಕ್ಸರ್ ಹಿಂದಿನಿಂದ "ಕೇಬಲ್ ಲೂಸ್ ಆಗೈತೆ ಅಣ್ಣ, ಎರಡು ನಿಮಿಷ" ಎಂದು ಕೂಗಿದ. ರಂಗೇಶ್ ಅದೇ ಮಾತನ್ನು ಮೂರು ಸಲ ಎತ್ತಿದ, ಮೂರು ಸಲವೂ ಕೇಬಲ್ ಲೂಸ್ ಆಯಿತು. ನಾಲ್ಕನೇ ಸಲಕ್ಕೆ ಅವನೇ ಬೇಸತ್ತು ಹಾಡು ಶುರು ಮಾಡಿಸಿದ.

ಊಟಕ್ಕೆ ಕುಳಿತಾಗ ಅಜೀಮನನ್ನು ಕೇಳಿದೆ, ಏನೋ ನಿನ್ನ ಕೇಬಲ್ ಕಥೆ ಎಂದು. ಅವನು ಎಲೆಯಿಂದ ತಲೆ ಎತ್ತದೆ ಹೇಳಿದ: "ಕಾವ್ಯಕ್ಕಂಗೆ ಅಂದಾಗ್ಲೇ ಮಾಡ್ಬೇಕಿತ್ತು ಅಕ್ಕ. ನಿಮ್ಮಿಬ್ರ ವಿಷ್ಯ ನಂಗೆ ಮೊದ್ಲಿಂದ್ಲೂ ಗೊತ್ತೈತೆ. ಹಾಡು ಮುಗಿದ ಮ್ಯಾಲೆ ಅವ್ರು ಮೈಕ್ ಕೈಯಾಗೆ ಹಿಡ್ಕಂಡೇ ನಿಮ್ಮತ್ರ ಬಂದು ಮಾತಾಡ್ತಿದ್ರು. ಜನಕ್ಕೆ ಕೇಳದಂಗೆ ಸೌಂಡ್ ಇಳಿಸ್ತಿದ್ದೆ. ನನ್ನ ಹೆಡ್‌ಫೋನಾಗೆ ಮಾತ್ರ ಕೇಳ್ಸೋದು." ಕಾವ್ಯಾ, ನನ್ನ ಮುಖ ಹೇಗಾಗಿರಬೇಕು ನೋಡು! ಏನೇನು ಕೇಳಿಸಿಕೊಂಡಿದ್ದಾನೋ ಎಂದು ಒಂದೊಂದೇ ನೆನಪು ಮಾಡಿಕೊಂಡು ನಾಚಿಕೆಯಿಂದ ಸತ್ತೆ. ಅವನೇ ಸಮಾಧಾನ ಹೇಳಿದ: "ಜಾಸ್ತಿ ಏನಿಲ್ಲಕ್ಕ. ಬಿಸಿನೀರು ಕುಡಿದ್ಯೇನು, ಚಳಿ ಆಗ್ತೈತೇನು, ಅಷ್ಟೇ." ಹನ್ನೊಂದು ವರ್ಷ ನಾವು ಹೆದರಿ ಬಚ್ಚಿಟ್ಟಿದ್ದು ಇಷ್ಟನ್ನೇ ನೋಡು. ಆಮೇಲೆ ಹೊರಗೆ ಹೋಗಿ, ಕೈ ತೊಳೆಯುವ ನೆಪದಲ್ಲಿ ಚೆನ್ನಾಗಿ ಅತ್ತೆ.

ಮೊನ್ನೆ ಶುಕ್ರವಾರ ನಾನು ಆಸ್ಪತ್ರೆಗೆ ಹೋಗಿದ್ದೆ, ನಿನ್ನನ್ನು ನೋಡಿದ ಡಾಕ್ಟರ್ ಅನುಪಮಾ ಅವರ ಹತ್ತಿರ. ನನಗೆ ಕಾಯಿಲೆ ಎಂದು ಚೀಟಿ ಮಾಡಿಸಿದೆ. ಇಲ್ಲದಿದ್ದರೆ ಒಳಗೆ ಬಿಡುತ್ತಿರಲಿಲ್ಲ. ಹೋದ ಸಲ ನಾನು ಮಾಡಿದ್ದ ಘನಂದಾರಿ ಕೆಲಸ ನಿನಗೂ ಗೊತ್ತಲ್ಲ. ಹೊಸದುರ್ಗದ ಛತ್ರದಲ್ಲಿ ನೀನು ಚರಣದ ಮಧ್ಯೆ ಹಾಡು ನಿಲ್ಲಿಸಿ ಸ್ಟೇಜಿನ ಮೇಲೆ ಕುಳಿತುಬಿಟ್ಟ ಮಾರನೆಯ ದಿನ, ನಿನ್ನನ್ನು ಸೇರಿಸುವಾಗ, ಫಾರಂನಲ್ಲಿ ರೋಗಿಗೆ ಏನಾಗಬೇಕು ಎಂಬಲ್ಲಿ 'ಅಕ್ಕ' ಎಂದು ಬರೆದೆ. ಕೈ ತಾನಾಗಿ ಬರೆಯಿತು. ಬಾಡಿಗೆ ಮನೆ ಕೇಳುವಾಗ ಅಕ್ಕ ತಂಗಿ, ಛತ್ರದಲ್ಲಿ ಇಬ್ಬರಿಗೂ ಒಂದೇ ರೂಮ್ ಕೇಳುವಾಗ ಅಕ್ಕ ತಂಗಿ. ಆ ಮಾತು ನಮ್ಮನ್ನು ಎಲ್ಲ ಕಡೆಯೂ ಕಾಪಾಡಿತ್ತು, ಅಲ್ಲೂ ಕಾಪಾಡುತ್ತದೆ ಎಂದುಕೊಂಡೆ. ಹನ್ನೊಂದನೇ ದಿನ ನಿಮ್ಮಣ್ಣ ಬಂದ. ಕೌಂಟರಿನಲ್ಲಿ ಎಲ್ಲರ ಮುಂದೆ, "ನಮ್ಮವ್ವಂಗೆ ನಾವಿಬ್ರೇ ಮಕ್ಳು. ಈಯಮ್ಮ ಯಾವಳು?" ಎಂದ. ನರ್ಸ್ ನನ್ನ ಮುಖ ನೋಡಿ, ನನ್ನ ಹೆಸರಿನ ಮೇಲೆ ಗೀಟು ಎಳೆದು ಅವನ ಸಹಿ ತೆಗೆದುಕೊಂಡಳು. ಅವನು ನಿನ್ನನ್ನು ಊರಿಗೆ ಕರೆದುಕೊಂಡು ಹೊರಟಾಗ ನಿನ್ನ ಬಟ್ಟೆಯ ಚೀಲವನ್ನು ಅವನ ಕೈಗೆ ಕೊಟ್ಟೆ, ಅಷ್ಟೇ. ಬಾಯಿಗೆ ಬಂದಿದ್ದನ್ನೆಲ್ಲ ಆಡುವ ಈ ಪಾಲಮ್ಮ!

ಶುಕ್ರವಾರ ಮಾತ್ರ ಬಾಗಿಲು ಹಾಕಿಕೊಂಡು ಕುಳಿತು ಹೇಳಿಬಿಟ್ಟೆ. ಡಾಕ್ಟ್ರೇ, ನಾನು ಅವಳ ಅಕ್ಕ ಅಲ್ಲ. ನಾವಿಬ್ಬರೂ ಗಂಡ ಹೆಂಡತಿ ಹೇಗಿರುತ್ತಾರೋ ಹಾಗೆ ಇದ್ದೇವೆ, ಅದಕ್ಕೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ, ಹನ್ನೊಂದು ವರ್ಷವಾಯಿತು. ಹೇಳುವಾಗ ಕೈ ತಗುಲಿ ಮೇಜಿನ ಮೇಲಿದ್ದ ನೀರಿನ ಲೋಟ ಬಿತ್ತು. ಅವರು ಬಟ್ಟೆ ತೆಗೆದುಕೊಂಡು ತಾವೇ ಒರೆಸಿದರು. ನಿನ್ನ ವಿಷಯವೆಲ್ಲ ಹೇಳಿದೆ. ಒಂದು ವರ್ಷದಿಂದ ನಿದ್ದೆ ಇಲ್ಲದ್ದು, ಪ್ರೋಗ್ರಾಮ್ ಇದ್ದ ದಿನ ವಾಂತಿಯಾಗುತ್ತಿದ್ದದ್ದು, ನಾನು ಏನಾಯಿತು ಎಂದು ಕೇಳಿದರೆ ಗಂಟಲು ಸರಿ ಇಲ್ಲ ಎನ್ನುತ್ತಿದ್ದದ್ದು. ಒಂದು ದಿನ ಬಸ್ಸಿನಲ್ಲಿ "ಬೆಳಗಾಗೋದೇ ಬ್ಯಾಡ ಅನ್ನಿಸ್ತೈತೆ" ಎಂದೆಯಲ್ಲ, ಅದನ್ನೂ ಹೇಳಿದೆ. ಅವತ್ತು ನಾನು ತಮಾಷೆ ಮಾಡಿ ಮಾತು ತೇಲಿಸಿದ್ದನ್ನೂ ಹೇಳಿದೆ.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ನೋಡಿ ಪಾಲಮ್ಮ, ಕಾವ್ಯಶ್ರೀಗೆ ಇರೋದು ಖಿನ್ನತೆ. ಅದು ಕಾಯಿಲೆ, ಅದಕ್ಕೆ ಔಷಧಿ ಇದೆ, ಮಾತಾಡಿ ವಾಸಿ ಮಾಡೋ ದಾರಿನೂ ಇದೆ. ನೀವಿಬ್ಬರು ಜೊತೆಗಿರೋದು ಕಾಯಿಲೆ ಅಲ್ಲ, ಅದಕ್ಕೆ ಔಷಧಿ ಇಲ್ಲ, ಬೇಕಾಗೂ ಇಲ್ಲ. ಅದನ್ನ ಮುಚ್ಚಿಟ್ಟುಕೊಂಡು ದಿನಾ ಬೇರೆಯವರ ಮದುವೇಲಿ ನಗ್ತಾ ಹಾಡಬೇಕಲ್ಲ, ಅದು ಮನುಷ್ಯರನ್ನ ತಿನ್ನುತ್ತೆ." ನಾವು ಮೊದಲಿನವರಲ್ಲವಂತೆ ಕಾವ್ಯಾ. ಹಾಡುವವರು, ಬಾರಿಸುವವರು, ನಮ್ಮಂಥವರು ಇನ್ನೂ ಕೆಲವರು ಅವರ ಹತ್ತಿರ ಬಂದಿದ್ದಾರಂತೆ. ಹೆಸರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಎಲ್ಲರೂ ಗಂಟಲು ನೋವು ಎಂದೇ ಶುರು ಮಾಡುತ್ತಾರಂತೆ.

ಮದುವೆ ವಿಷಯ, ಮಾತ್ರೆ ನಿಲ್ಲಿಸಿದ ವಿಷಯ ಹೇಳಿದಾಗ ಅವರ ಮುಖ ಗಂಟಾಯಿತು. ಮಾತ್ರೆ ಒಮ್ಮೆಲೇ ನಿಲ್ಲಿಸಬಾರದು ಎಂದು ನನ್ನ ಮುಂದೆಯೇ ನಿಮ್ಮಣ್ಣನಿಗೆ ಫೋನ್ ಮಾಡಿ ಗದರಿಸಿದರು. ಗುರುವಾರ, ಇಪ್ಪತ್ತನೇ ತಾರೀಕು, ಹನ್ನೊಂದು ಗಂಟೆಗೆ ನಿನ್ನನ್ನು ಕರೆದುಕೊಂಡು ಬರಬೇಕು ಎಂದರು. ಜುಂಜೇಶ್ ಆಯ್ತು ಮೇಡಂ, ಆಯ್ತು ಮೇಡಂ ಎಂದು ಮೂರು ಸಲ ಹೇಳಿದ್ದು ನನಗೂ ಕೇಳಿಸಿತು. ನಮ್ಮ ವಿಷಯವನ್ನು ಅವನಿಗೆ ಹೇಳಲಿಲ್ಲ. ಹೇಳುವುದು ಬಿಡುವುದು ನಿನಗೆ ಬಿಟ್ಟಿದ್ದು, ತಾವು ಬಾಯಿ ಬಿಡುವುದಿಲ್ಲ ಎಂದರು.

ನಾನು ಎದ್ದು ನಿಂತು, ಗುರುವಾರ ಅವಳನ್ನು ಅಲ್ಲಿಂದಲೇ ಮನೆಗೆ ಕರೆದುಕೊಂಡು ಹೋಗ್ತೀನಿ ಡಾಕ್ಟ್ರೇ, ಯಾರು ಅಡ್ಡ ಬರ್ತಾರೋ ನೋಡ್ತೀನಿ ಎಂದೆ. ಅವರು ಕನ್ನಡಕ ತೆಗೆದು, "ಅವರನ್ನ ಕೇಳಿದ್ರಾ?" ಎಂದರು.

ಇಲ್ಲ ಎಂದೆ. ಹನ್ನೊಂದು ವರ್ಷದಲ್ಲಿ ನಿನ್ನನ್ನು ಏನಾದರೂ ಕೇಳಿದ್ದೇನೆಯೇ ಎಂದು ಬಸ್ ಸ್ಟ್ಯಾಂಡಿನವರೆಗೆ ನಡೆಯುತ್ತಾ ಯೋಚಿಸಿದೆ. ಮನೆ ನಾನು ನೋಡಿದೆ, ಸುಳ್ಳು ನಾನು ಕಟ್ಟಿದೆ, ಯಾರಿಗೆ ಎಷ್ಟು ಹೇಳಬೇಕು ಎಂದು ನಾನು ತೀರ್ಮಾನ ಮಾಡಿದೆ. ನೀನು ಹೂಂ ಎಂದೆ. ನೀನು ಹೂಂ ಎನ್ನುವುದನ್ನು ನಾನು ಸುಖ ಎಂದುಕೊಂಡೆ.

ಈಗ ಕೇಳುತ್ತೇನೆ. ಗುರುವಾರ ಡಾಕ್ಟರನ್ನು ನೋಡಿದ ಮೇಲೆ ನಮ್ಮ ಮನೆಗೆ ಬರುತ್ತೀಯಾ? ಬರುವುದಾದರೆ ನಿಮ್ಮಣ್ಣನ ಎದುರು ನಿಂತು ನಾನು ಯಾರು ಎಂದು ನಾನೇ ಹೇಳುತ್ತೇನೆ. ನೀನು ಬೇಡ ಎಂದರೆ ಹೇಳುವುದಿಲ್ಲ. ಹಾಡಬೇಕು ಎಂದೇನೂ ಇಲ್ಲ. ಹಾಡದೆ ಇದ್ದರೂ ಇಬ್ಬರ ಹೊಟ್ಟೆಗೆ ನಾನು ಬಾರಿಸುವ ಪ್ಯಾಡ್ ಸಾಕು. ಮನೆಗೆ ಬರುವುದು ಇಷ್ಟವಿಲ್ಲದಿದ್ದರೂ ಡಾಕ್ಟರ ಹತ್ತಿರ ಮಾತ್ರ ತಪ್ಪಿಸಬೇಡ, ಮಾತ್ರೆ ಬಿಡಬೇಡ. ಆ ಪಾವಗಡದವನಿಗೆ ಹೂಂ ಅನ್ನಬೇಡ. ಇದೊಂದು ಮಾತ್ರ ಕೇಳುತ್ತಿಲ್ಲ, ಬೇಡಿಕೊಳ್ಳುತ್ತಿದ್ದೇನೆ. ಉತ್ತರ ಬರೆಯಲು ಆಗದಿದ್ದರೆ ಅಜೀಮನಿಗೆ ಒಂದು ಮಾತು ಹೇಳಿ ಕಳಿಸು ಸಾಕು.

ಮಾರಿಕಣಿವೆ ಡ್ಯಾಂ ಕಡೆ ಹೋದ ಯಾರೋ ರಂಗೇಶನಿಗೆ ಮೀನು ತಂದುಕೊಟ್ಟಿದ್ದರು, ನನಗೂ ಎರಡು ಕೊಟ್ಟ. ಸಾರು ಮಾಡಿ ಒಬ್ಬಳೇ ಉಂಡೆ. ಉಪ್ಪು ಜಾಸ್ತಿಯಾಗಿತ್ತು.

ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ಬೆಳಗಾಗಲಿ ಎಂದು ನಿನಗೆ ಅನ್ನಿಸುವ ದಿನ ಬೇಗ ಬರಲಿ. ನಿನಗಿಂತ ಏಳು ವರ್ಷ ದೊಡ್ಡವಳು ನಾನು, ನನ್ನ ಹಾರೈಕೆ ನಿನಗೆ ತಟ್ಟಲೇಬೇಕು.

ನಿನ್ನವಳು,
ಪಾಲಮ್ಮ

ಮತ್ತೆ: ಕಾಗದ ಮಡಿಸಿ ಲಕೋಟೆಗೆ ಹಾಕಿ ಅಂಟಿಸಿದ್ದೆ, ಹರಿದು ತೆಗೆದೆ. ಡಾಕ್ಟರಿಗೂ ಹೇಳದ ಮಾತೊಂದು ಉಳಿದಿದೆ. ಹೊಸದುರ್ಗದಲ್ಲಿ ನೀನು ಹಾಡು ನಿಲ್ಲಿಸಿದಾಗ ನಾನು ಪ್ಯಾಡ್ ನಿಲ್ಲಿಸಲಿಲ್ಲ. ನೀನು ಸಾಲು ಮರೆತಾಗಲೆಲ್ಲ ಜನಕ್ಕೆ ಗೊತ್ತಾಗದ ಹಾಗೆ ತಾಳ ಬೆಳೆಸಿ ಕಾಯುವುದು ನನ್ನ ಕೆಲಸ, ಅವತ್ತೂ ಮರೆತಿದ್ದೀಯ ಎಂದುಕೊಂಡೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ನೀನು ಮುಖ ಮುಚ್ಚಿಕೊಂಡು ಕುಳಿತೆ, ಆಮೇಲೆ ಕೈ ತೆಗೆದು ನನ್ನ ಕಡೆ ನೋಡಿದೆ. ನಾನೂ ನೋಡಿದೆ. ನಾಲ್ಕು ಹೆಜ್ಜೆ ದೂರ ಅಷ್ಟೆ. ಎದ್ದು ಬಂದು ನಿನ್ನನ್ನು ಹಿಡಿದುಕೊಂಡರೆ, ಅಕ್ಕ ತನ್ನ ತಂಗಿಯನ್ನು ಹಿಡಿದುಕೊಳ್ಳುವ ಹಾಗೆ ಹಿಡಿದುಕೊಳ್ಳಲು ನನ್ನಿಂದ ಆಗುವುದಿಲ್ಲ ಎಂದು ಗೊತ್ತಿತ್ತು. ಛತ್ರದ ತುಂಬ ಜನ ಇದ್ದರು. ಅದಕ್ಕೆ ತಲೆ ತಗ್ಗಿಸಿ ಬಾರಿಸಿದೆ, ಇನ್ನೂ ಜೋರಾಗಿ ಬಾರಿಸಿದೆ. ಇದೂ ಒಂದು ಐಟಂ ಎಂದುಕೊಂಡು ಜನ ಎದ್ದು ಕುಣಿದರು. ಅಜೀಮ್ ಓಡಿ ಬಂದು ನಿನ್ನನ್ನು ಎಬ್ಬಿಸುವವರೆಗೂ ಬಾರಿಸುತ್ತಲೇ ಇದ್ದೆ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ನಿನ್ನ ಪಕ್ಕ ಕುಳಿತಿದ್ದೆ, ಅವತ್ತು ಎದ್ದು ಯಾಕೆ ಬರಲಿಲ್ಲ ಎಂದು ನೀನು ಒಂದು ಸಲವೂ ಕೇಳಲಿಲ್ಲ. ಗುರುವಾರ ಕೇಳು.